ಚೀಲದಾಗಿನ ಉಡಿ

ಬ್ಯಾಡಗಿ ಪ್ಯಾಟ್ಯಾಗ ಹರದ ಚೀಲ ಹೊಲಿಯೋ ದೇವವ್ವ ಯಾರಿಗೆ ಗೊತ್ತಿಲ್ಲ ಹೇಳ್ರಿ? ಗೊತ್ತಿಲ್ಲ ಅಂದಾವ ಒಂದೋ ಊರಿಗೆ ಹೊಸಬ, ಇಲ್ಲಂದ್ರ ಆಕಿ ಕಡೆ ಬೈಸಿಕೊಂಡು ಸುಮ್ಮನಾದಾವ. ಬಾಯಿದ್ದಾಕಿ ಬರಗಾಲದಾಗೂ ಬದುಕ್ತಾಳ ಅಂತಾರಲ್ಲ, ಆ ಬಾಯಿ ಆಕಿದು. ಹುಟ್ಟಿದ್ದು ಕದರಮಂಡಲಗಿ. ಹಮಾಲ ಡಾಕಪ್ಪನ ಕೈ ಹಿಡದು ಬ್ಯಾಡಗಿಗೆ ಬಂದ್ಲು. ಡಾಕಪ್ಪ ಕಾಮಾಲಿ ಆಗಿ ತೀರಿಕೊಂಡಾಗ ಮಗಳು ಪ್ರಿಯಾಂಕಾ ಇನ್ನೂ ಕನ್ನಡ ಸಾಲಿಗೆ ಹೋಗ್ತಿದ್ಲು. ಅತ್ತುಕೋತ ಕುಂತ್ರ ಒಲಿ ಹತ್ತಂಗಿಲ್ಲ ಅಂತ ದೇವವ್ವ ಗಂಡ ದುಡೀತಿದ್ದ ಶಂಭುಲಿಂಗ ಸಾವ್ಕಾರನ ಮನಿಗೆ ಹೊಂದಿಕೊಂಡಿದ್ದ ದಲಾಲಿ ಅಂಗಡಿಗೆ ಬಂದು, ಹಿಂದಿನ ಪಡಸಾಲ್ಯಾಗ ದಬ್ಬಣ ಹಿಡದು ಕುಂತ್ಲು.

ಇಲಿ ಕಡದ ಚೀಲ, ಹಮಾಲರ ಕೊಕ್ಕಿ ಚುಚ್ಚಿ ತೂತು ಬಿದ್ದ ಚೀಲ, ಮಳಿ ನೀರಿಗೆ ಲಡ್ಡಾದ ಚೀಲ, ಎಲ್ಲಾ ಆಕಿ ಮುಂದ ಬಂದು ಬೀಳ್ತಾವ. ಆಕಿ ಬೆಳಕಿಗೆ ಹಿಡದು ನೋಡ್ತಾಳ, ಸುತಳಿ ಪೋಣಸ್ತಾಳ, ತ್ಯಾಪಿ ಹಾಕಿ ಹೊಲದು ಒಗೀತಾಳ. ಮೆಣಸಿನಕಾಯಿ ಘಾಟಿಗೆ ಹೊಸಬರು ಸೀನಿ ಸೀನಿ ಸಾಯ್ತಾರ. ದೇವವ್ವಗ ಆ ಘಾಟು ಇಲ್ಲದ ಕಡೆ ಹೋದ್ರನ ಮೂಗು ಕಟ್ಟತೈತಿ.

ಇಂಥಾ ಆಕಿ ಬಾಯಿ ವರ್ಷದಾಗ ಒಂದು ದಿನ ಮಾತ್ರ ಬಂದ್ ಇರ್ತಿತ್ತು. ಹೊಸ ಕಾಯಿ ತುಂಬಿದ ಮೊದಲ ಲಾರಿ ಹೊರಡೋ ದಿನ. ಆ ಅಂಗಡ್ಯಾಗ ಆವತ್ತು ಕಾಯಿ ತುಂಬು, ಅಂದ್ರ ತೊಟ್ಟು, ಬಿಡಸೋ ಹೆಣ್ಣಮಕ್ಕಳಿಗೆಲ್ಲಾ ಸಾವ್ಕಾರನ ತಾಯಿ ನೀಲಗಂಗವ್ವ ಉಡಿ ತುಂಬೋ ರೂಢಿ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಕುಬಸದ ಖಣ, ಹಣಿಗೆ ಕುಂಕುಮ. ಹೆಣ್ಣಮಕ್ಕಳಂದ್ರ ಮುತ್ತೈದೇರು ಅಂತ ತಿಳೀರಿ. ಗಂಡಸತ್ತಾಕಿ ದೇವವ್ವಗ ಬರಬ್ಯಾಡ ಅಂತ ಯಾರೂ ಅಂದಿದ್ದಿಲ್ಲ. ಹಂಗ ಅನ್ನೋಂಥಾ ಕೆಟ್ಟ ಮಂದಿ ಅಲ್ಲ ಅವರು. "ದೇವವ್ವಾ, ಹಿಂದ ಒಂದೀಟು ಚೀಲ ಅದಾವ, ನೋಡಿ ಬಾರವಾ" ಅಂತಿದ್ರು, ಅಷ್ಟ. ಆಕಿ ಹಿಂದ ಹೋಗ್ತಿದ್ಲು. ರಾಣೆಬೆನ್ನೂರಾಗ ಮಗಳ ಲಗ್ನ ಆದಾಗ್ಲೂ ಮಗಳ ಉಡಿ ತುಂಬಿದಾಕಿ ನೆಗೆಣ್ಣಿ. ಹಡದಾಕಿ ಅಡಿಗಿ ಮನಿ ಬಾಗಲದಾಗ ನಿಂತು ನೋಡಿದ್ಲು. ಆ ಸಂಕಟ ಆಕಿ ಯಾರ ಮುಂದೂ ಬಾಯಿ ಬಿಟ್ಟು ಹೇಳಲಿಲ್ಲ. ಎದ್ಯಾಗ ಮಾತ್ರ ಅದು ಆರಲಿಲ್ಲ.

ಈ ವರ್ಷ ಮೊದಲ ಲಾರಿ ದಿನ ಬಂತು. ದೇವವ್ವ ಯಾರೂ ಹೇಳೂದಕ್ಕಿಂತ ಮೊದಲ ಹಿಂದಿನ ಪಡಸಾಲಿಗೆ ಹೋಗಿ ಕುಂತ್ಲು. ಸ್ವಲ್ಪ ಹೊತ್ತಿಗೆ ಬಾಗಲದಾಗ ನೆಳ್ಳು ಬಿತ್ತು. ನೋಡಿದ್ರ ನೀಲಗಂಗವ್ವ.

ಬ್ಯಾಸಗ್ಯಾಗ ಆಕಿ ಗಂಡ, ಯಜಮಾನ ಸಿದ್ದಲಿಂಗಪ್ಪ ತೀರಿಕೊಂಡಿದ್ದ. ಉಡಿ ತುಂಬೋ ಕೆಲಸ ಈಗ ಸೊಸಿ ಶ್ರೀದೇವಿ ಪಾಲಿಗೆ ಹೋಗಿತ್ತು. ನೀಲಗಂಗವ್ವ ಗುತ್ತಲದ ತವರಿಂದ ತಂದಿದ್ದ ಬೆಳ್ಳಿ ಕುಂಕುಮದ ಭರಣಿನೂ ಸೊಸಿ ತಾಟಿನ್ಯಾಗ ಕುಂತಿತ್ತು. ಅತ್ತಿಯಾದಾಕಿಗೆ ಮುಂದಿನ ಪಡಸಾಲ್ಯಾಗ ಕುಂದರಾಕ ಜಾಗ ಇರಲಿಲ್ಲ.

"ಬರ್ರಿ ಅವ್ವಾರ, ಕುಂದ್ರಿ. ಇಲ್ಲಿ ಜಾಗಾಕ್ಕೇನು ಬರಗಾಲ ಇಲ್ಲ," ಅಂದ್ಲು ದೇವವ್ವ.

ಮುದುಕಿ ಚೀಲದ ಮ್ಯಾಲೆ ಕುಂತ್ಲು. ಬಹಳ ಹೊತ್ತು ಬಳೆ ಇಲ್ಲದ ಕೈ ನೋಡಿಕೋತ ಇದ್ಲು. ಆಮ್ಯಾಲೆ ಕೇಳಿದ್ಲು, "ಇಷ್ಟ ವರ್ಷ ನಿನ್ನ ಇಲ್ಲಿ ಕುಂದರಿಸಿದಾಕಿ ನಾನ ಅಲ್ಲೇನು?"

"ಹೌದ್ರಿ," ಅಂದ್ಲು ದೇವವ್ವ, ದಬ್ಬಣದಿಂದ ಕಣ್ಣು ಎತ್ತಲಿಲ್ಲ. ಅಲ್ಲ ಬಿಡ್ರಿ ಅವ್ವಾರ ಅಂತ ಅಂದಿದ್ರ ಮುದುಕಿಗೆ ಹಗುರ ಆಗ್ತಿತ್ತು. ಯಾಕ ಅನಬೇಕು? ಖರೇ ಅದ ಇತ್ತು.

ಅಷ್ಟ್ರಾಗ ಸಾವ್ಕಾರನ ಮಗಳು ಭುವನಾ ಪರದೇಶದ ಹೆಣ್ಣಮಗಳು ಒಬ್ಬಾಕಿನ ಕರಕೊಂಡು ಒಳಗ ಬಂದ್ಲು. ಜರ್ಮನಿಯಾಕಿ. ಕಾಯಿಂದ ಬಣ್ಣ ತೆಗೆಯೋ ಕಂಪನಿ ಕಡಿಂದ ಮಾಲು ನೋಡಾಕ ಬಂದಿದ್ಲು. ಆಕಿ ಹೂಂ ಅಂದ್ರ ಸೀಜನ್ನೆಲ್ಲಾ ಮಾಲು ಅಲ್ಲಿಗೆ ಹೋಗೋದು, ಹಿಂಗಾಗಿ ಸಾವ್ಕಾರಗ ಮುಂಜಾನಿಂದ ಕಾಲು ನೆಲದ ಮ್ಯಾಲೆ ನಿಂತಿರಲಿಲ್ಲ. ಭುವನಾ ಧಾರವಾಡದಾಗ ಭಾಷಾಶಾಸ್ತ್ರ ಓದಿದಾಕಿ. ಅಪ್ಪನ ಪರದೇಶದ ವ್ಯವಹಾರ ಆಕಿನ ನೋಡ್ತಾಳ. ಶಬ್ದ ಅಂದ್ರ ಆಕಿಗೆ ಪ್ರಾಣ.

ಜರ್ಮನಿಯಾಕಿ ದೇವವ್ವನ ತೊಡಿ ಮ್ಯಾಲಿದ್ದ ಚೀಲ ಮುಟ್ಟಿ ಏನೋ ಕೇಳಿದ್ಲು.

"ಇದಕ್ಕ ನಿಮ್ಮ ಕಡೆ ಏನಂತಾರ ಅಂತ ಕೇಳ್ತಾಳ, ದೇವವ್ವಕ್ಕಾ," ಅಂದ್ಲು ಭುವನಾ.

"ಗೋಣಿಚೀಲ ಅಂತ ಹೇಳು. ಅವರ ಊರಾಗ ಇಲ್ಲೇನು?"

"ಐತಿ. ಇಂಗ್ಲಿಷರು ನಮ್ಮ ಗೋಣಿನ ಒಯ್ದು ಗನ್ನಿ ಮಾಡಿಕೊಂಡಾರ. ಆದ್ರ ಚೀಲಕ್ಕ ಅವರದ ಒಂದು ಹಳೇ ಶಬ್ದ ಐತಿ, ಸ್ಯಾಕ್ ಅಂತ. ಅದರ ಕತಿ ಕೇಳು. ಇಂಗ್ಲಿಷರದು ಸ್ಯಾಕ್, ಈಕಿ ಜರ್ಮನ್ ಭಾಷಾದಾಗ ಝಾಕ್, ಫ್ರಾನ್ಸಿನಾಗ ಸಾಕ್, ಇಟಲಿಯಾಗ ಸಾಕ್ಕೊ, ಗ್ರೀಸಿನಾಗ ಸಾಕ್ಕೊಸ್. ಹಂಗರಿ, ಫಿನ್‌ಲ್ಯಾಂಡಿನವರ ಮಾತಿಗೂ ಇವರ ಮಾತಿಗೂ ಸಂಬಂಧನ ಇಲ್ಲ. ಅವರಲ್ಲೂ ಅದ ಶಬ್ದ."

"ಅನ್ನಕ್ಕ, ನೀರಿಗೆ ಒಂದ ಶಬ್ದ ಇಲ್ಲದ ಮಂದಿಗೆ ಚೀಲಕ್ಕ ಒಂದ ಶಬ್ದ?" ಅಂದ್ಲು ದೇವವ್ವ. ಆಕಿಗೆ ಈಗ ಸ್ವಲ್ಪ ರುಚಿ ಹತ್ತಿತ್ತು.

ಜರ್ಮನಿಯಾಕಿ ನಕ್ಕೋತ ಹೇಳಿದ್ದನ್ನ ಭುವನಾ ಕನ್ನಡ ಮಾಡಿದ್ಲು. ಹಿಂದಕ್ಕ ಎಲ್ಲಾ ಮಂದಿ ಒಂದ ಮಾತು ಆಡ್ತಿದ್ರಂತ. ಬಾಬೆಲ್ ಅನ್ನೋ ಊರಾಗ ಮುಗಲು ಮುಟ್ಟೋ ಗೋಪುರ ಕಟ್ಟಾಕ ಹತ್ತಿದ್ರಂತ. ದೇವರು ಸಿಟ್ಟಾಗಿ ಅವರ ಮಾತೆಲ್ಲಾ ಕಲಸಿಬಿಟ್ಟ. ದಿಕ್ಕಾಪಾಲಾಗಿ ಓಡೂಮುಂದ ಎಲ್ಲಾ ಶಬ್ದ ಮರತ್ರು, ತಮ್ಮ ತಮ್ಮ ಚೀಲ ಮಾತ್ರ ಯಾರೂ ಮರೀಲಿಲ್ಲ. ಹಿಂಗಾಗಿ ಆ ಶಬ್ದ ಉಳೀತು ಅಂತ ಹಳೇ ಪಂಡಿತನೊಬ್ಬ ಬರದಿದ್ನಂತ.

"ಶ್ಯಾಣ್ಯಾ ಇದ್ದ ಅವ," ಅಂದ್ಲು ದೇವವ್ವ.

"ಅದು ಚ್ಯಾಷ್ಟಿ. ಖರೇ ಅಂದ್ರ ವ್ಯಾಪಾರಸ್ಥರು ಒಯ್ದದ್ದು. ಬ್ಯಾಡಗಿ ಕಾಯಿ ಹೋದಲ್ಲೆಲ್ಲಾ ಬ್ಯಾಡಗಿ ಹೆಸರು ಹೋಗಿಲ್ಲೇನು? ಹಂಗ. ಇರಾಕ್ ಐತಲ್ಲ, ಆ ಕಡಿ ಹಳೇ ಮಂದಿ ಶಬ್ದ ಇದು. ಮೊದಲ ಅದು ಚೀಲಾನೂ ಅಲ್ಲ, ಬಟ್ಟಿ. ಆಡಿನ ಕೂದಲಿಂದ ನೇಯ್ದ ಒರಟು ಬಟ್ಟಿ. ಅದನ್ನ ಹೊಲದು ಚೀಲ ಮಾಡಿದ್ರು. ಮನ್ಯಾಗ ಯಾರರೆ ಸತ್ತಾಗ ಸೊಂಟಕ್ಕ ಸುತ್ತಿಕೋತಿದ್ದದ್ದೂ ಅದನ್ನ."

ದೇವವ್ವನ ಕೈ ನಿಂತಿತು. "ಗಂಡ ಸತ್ತಾಕಿಗೇನು?"

"ಎಲ್ಲಾರಿಗೂ. ಗಂಡಸೂರಿಗೂ, ರಾಜಗೂ."

"ಎಷ್ಟ ದಿನ?"

"ದುಃಖದ ದಿನ ಮುಗಿಯೂತನ. ಆಮ್ಯಾಲೆ ತಗದು, ಜಳಕ ಮಾಡಿ, ಹೊಸಾ ಅರಬಿ ಉಡ್ತಿದ್ರು."

"ತಗೀತಿದ್ರಾ?" ಅಂತ ಕೇಳಿದಾಕಿ ದೇವವ್ವ ಅಲ್ಲ, ನೀಲಗಂಗವ್ವ. ಭುವನಾಗ ತನ್ನ ಅಜ್ಜಿ ಮಾರಿ ನೋಡೋ ಧೈರ್ಯ ಆಗಲಿಲ್ಲ. ಹೂಂ ಅಂತ ತಲಿ ಅಲ್ಲಾಡಿಸಿದ್ಲು.

ಹೊಲದ ಚೀಲ ಒಯ್ಯಾಕ ಹಮಾಲರ ಮೇಸ್ತ್ರಿ ಮಹಮ್ಮದ್ ಹನೀಫ್ ಬಂದು ನಿಂತಿದ್ದ. ಡಾಕಪ್ಪನ ಜೊತೆ ಹೆಗಲಿಗೆ ಹೆಗಲು ಕೊಟ್ಟು ಚೀಲ ಹೊತ್ತಾವ. "ಚೀಲದ ಕತಿ ಅಂದ್ರ ನಮ್ಮ ಯೂಸುಫ್ ಪೈಗಂಬರರದು," ಅಂದ. "ಅಣ್ಣಂದಿರು ಭಾವಿಗೆ ನೂಕಿದ ಹುಡುಗ ಮಿಸರ ದೇಶದಾಗ, ಈಜಿಪ್ಟ್ ಅಂತಾರಲ್ಲ ಅಲ್ಲಿ, ದೊಡ್ಡ ಅಧಿಕಾರಿ ಆಗ್ಯಾನ. ಬರ ಬಿದ್ದು ಅಣ್ಣ ತಮ್ಮ ಎಲ್ಲಾ ಕಾಳಿಗೆ ಅಂತ ಅವನ ಕಡೇನ ಬಂದಾರ. ಅವನ ಗುರ್ತು ಯಾರಿಗೂ ಇಲ್ಲ. ಸಣ್ಣ ತಮ್ಮನ್ನ ತನ್ನ ಹತ್ರ ಉಳಿಸಿಕೋಬೇಕು ಅಂತ ತಾನ ಬಾದಶಾಹನ ಬಟ್ಟಲು ತಮ್ಮನ ಚೀಲದಾಗ ಇಡಿಸಿದ."

"ಆ ಕತಿ ಕ್ರಿಶ್ಚನ್ನರ ಗ್ರಂಥದಾಗೂ ಐತಿ," ಅಂದ್ಲು ಭುವನಾ. "ಬೆಳ್ಳಿ ಬಟ್ಟಲು ಅಂತ ಐತಿ ಅಲ್ಲಿ. ಆ ಕತಿ ಊರೂರು ತಿರಗಿದ್ದಕ್ಕನ ಈ ಶಬ್ದಾನೂ ತಿರಗಿರಬೇಕು ಅಂತ ಕೆಲವರು ಹೇಳ್ತಾರ."

ನೀಲಗಂಗವ್ವ ಕೇಳಿದ್ಲು, "ಅಲ್ಲೋ ಹನೀಫಾ, ತಮ್ಮನ ಮ್ಯಾಲೆ ಅಷ್ಟು ಜೀವ ಇದ್ದಾವ ಕೈಯಾಗ ಕೊಡಬಾರದಾಗಿತ್ತೇನು? ಚೀಲದಾಗ ಯಾಕ ಬಚ್ಚಿಟ್ಟ?"

"ಮಂದಿ ಮುಂದ ತಮ್ಮಾ ಅನ್ನೋಹಂಗ ಇರಲಿಲ್ರಿ ಅವ್ವಾರ. ಅದಕ್ಕ."

ಹನೀಫ್ ಚೀಲ ಹೊತ್ತುಕೊಂಡು ಹೋದ, ಭುವನಾ ಪರದೇಶದಾಕಿನ ಕರಕೊಂಡು ಹೋದ್ಲು. ದೇವವ್ವ ಕೈ ತೊಳ್ಕೊಂಡು ಒಂದು ಕಪ್ ಚಾ ಕುಡದು ಬರೂಣು ಅಂತ ಹೊರಗ ಹೋದ್ಲು. ಆಕಿ ಬುತ್ತಿ ತರೋ ಸ್ವಂತ ಚೀಲ ಅಲ್ಲೇ ಗ್ವಾಡಿಗೆ ಇತ್ತು. ತಿರಗಿ ಬಂದಾಗ ನೀಲಗಂಗವ್ವ ಇದ್ದಲ್ಲೇ ಇದ್ಲು, ಮಾರಿ ಮಾತ್ರ ಒಂಥರಾ ಅರಳಿತ್ತು. ದೇವವ್ವ ಅದನ್ನ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮುಂದಿನ ಪಡಸಾಲ್ಯಾಗ ಗದ್ದಲ ಎದ್ದದ್ದು ಆಮ್ಯಾಲೆ. ಜರ್ಮನಿಯಾಕಿ ಹಣಿಗೆ ಕುಂಕುಮ ಹಚ್ಚೂಣು ಅಂತ ಶ್ರೀದೇವಿ ತಾಟಿಗೆ ಕೈ ಹಾಕಿದ್ರ ಭರಣಿ ಇಲ್ಲ. ತಾಟು ನೋಡಿದ್ರು, ದೇವರ ಮನಿ ನೋಡಿದ್ರು, ಅಕ್ಕಿ ಮೊರ ತಿರುವಿ ಹಾಕಿದ್ರು. ಎಲ್ಲೂ ಇಲ್ಲ.

ಶಂಭುಲಿಂಗನ ಮಾರಿ ಕೆಂಪಾತು. ಬೆಳ್ಳಿ ಹೋತು ಅಂತಲ್ಲ, ಪರದೇಶದಾಕಿ ಮುಂದ ಮಾನ ಹೋತು ಅಂತ. "ಯಾರೂ ಹೊರಗ ಹೋಗಬ್ಯಾಡ್ರಿ. ಹನೀಫ್, ಎಲ್ಲಾರ ಚೀಲ ಜಾಡಸು," ಅಂದ.

ಅಲ್ಲಿ ದುಡಿಯೋ ಪ್ರತಿಯೊಬ್ಬಾಕಿಗೂ ಮನಿಂದ ತಂದ ಒಂದು ಚೀಲ ಇರತೈತಿ. ಅದರ ಮ್ಯಾಲೆ ಕುಂತು ಕಾಯಿ ಬಿಡಸೋದು, ಅದರಾಗ ಬುತ್ತಿ ಇಡೋದು. ಅದನ್ನ ಮಂದಿ ಮುಂದ ಜಾಡಿಸೋದು ಅಂದ್ರ ಸೆರಗಿಗೆ ಕೈ ಹಾಕಿದಂಗ. ಹೆಣ್ಣಮಕ್ಕಳು ಗುಸುಗುಸು ಅಂದ್ರು, ಆದ್ರ ಒಲ್ಲೆ ಅಂದಾಕಿನ ಕಳ್ಳಿ ಆಗ್ತಾಳ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಮಾತು ಯಾರಿಗೆ ಬೇಕು? ಒಬ್ಬೊಬ್ಬಾಕಿನ ತಂದು ಹಾಕಿದ್ಲು. ಬುತ್ತಿ ಗಂಟು, ಎಲಿ ಅಡಿಕಿ ಚೀಲ, ಮೊಬೈಲು, ಮಾತ್ರಿ ಚೀಟಿ, ಒಬ್ಬಾಕಿದು ಹಲ್ಲು ಮುರದ ಬಾಚಣಿಕಿ. ಬಡವರ ಗುಟ್ಟು ಎಲ್ಲಾ ಅಂಗಳದಾಗ ಬಿತ್ತು.

ಕಡೀಗೆ ದೇವವ್ವನ ಚೀಲ. "ಜಾಡಸು ಹನೀಫಣ್ಣಾ, ನಾ ಏನು ಒಳಗ ಹುಲಿ ಕಟ್ಟೇನೇನು?" ಅಂದ್ಲು ಆಕಿ.

ಬುತ್ತಿ ಡಬ್ಬಿ ಬಿತ್ತು. ಸುತಳಿ ಉಂಡಿ ಬಿತ್ತು. ಆಮ್ಯಾಲೆ ಹಸಿರು ಖಣದ ಗಂಟೊಂದು ಬಿದ್ದು ಬಿಚ್ಚಿಕೊಂತು. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು. ನಡುವ ಬೆಳ್ಳಿ ಭರಣಿ. ಮುಚ್ಚಳ ಹಾರಿ ಕುಂಕುಮ ಅಕ್ಕಿ ತುಂಬ ಚೆಲ್ಲಿತು.

"ಗಂಡಸತ್ತಾಕಿ ಚೀಲದಾಗ ಕುಂಕುಮ, ಅಯ್ಯ ಶಿವನ," ಅಂತ ಒಬ್ಬಾಕಿ ಮೆಲ್ಲಕ ಅಂದದ್ದು ಎಲ್ಲಾರಿಗೂ ಕೇಳಿಸ್ತು.

ದೇವವ್ವ ಬಗ್ಗಿ ನೋಡಿದ್ಲು. ಮೊದಲ ಏನೂ ತಿಳೀಲಿಲ್ಲ. ಆಮ್ಯಾಲೆ ಖಣ ಕಣ್ಣಿಗೆ ಬಿತ್ತು. ತಾಟಿನ್ಯಾಗ ಇದ್ದವೆಲ್ಲಾ ಕೆಂಪು, ಪ್ಯಾಟ್ಯಾಗ ಕೊಂಡ ಹೊಸಾ ಖಣ. ಇದು ಹಳೇ ಹಸಿರು, ಟ್ರಂಕಿನಾಗ ಇಟ್ಟ ಕರ್ಪೂರದ ವಾಸನಿ ಬರಾಕತ್ತಿತ್ತು. ಯಾರ ಟ್ರಂಕು ಅಂತ ಆಕಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಬಾಗಲದಾಗ ನಿಂತ ನೀಲಗಂಗವ್ವನ ಕಡೆ ನೋಡಿದ್ಲು. ಮುದುಕಿ ತೊಲಿಬಾಗಲಾ ಹಿಡಕೊಂಡು ನಿಂತಿತ್ತು. ಶ್ರೀದೇವಿನೂ ಆ ಖಣ ನೋಡಿದ್ಲು, ಅತ್ತಿ ಕಡೆ ಒಮ್ಮೆ ನೋಡಿದ್ಲು, ತಲಿ ತಗ್ಗಿಸಿದ್ಲು.

"ನಂಬಿ ಇಟ್ಟುಕೊಂಡಿದ್ದಕ್ಕ ಚಲೋ ಮಾಡಿದಿ," ಅಂದ ಶಂಭುಲಿಂಗ. "ಉಡಿ ಸಾಮಾನ ಸಮೇತ ಕಟ್ಟಿಕೊಂಡಿ. ಯಾವಾಕಿದು ಇತ್ತು ಇದು? ಪೊಲೀಸ್ರಿಗೆ ಹೇಳೂದಿಲ್ಲ, ಡಾಕಪ್ಪನ ಮಾರಿ ನೋಡಿ ಬಿಡ್ತೀನಿ. ಚೀಲ ತಗೊಂಡು ನಡಿ."

ಜರ್ಮನಿಯಾಕಿ ಭುವನಾನ ತೋಳು ಮುಟ್ಟಿ ಏನಾತು ಅಂತ ಕೇಳಿದ್ಲು. ಭುವನಾ ಆಕಿಗೆ ಏನೂ ಕನ್ನಡದಿಂದ ತಿರುವಿ ಹೇಳಲಿಲ್ಲ.

ಈಗ ದೇವವ್ವನ ಪರಿಸ್ಥಿತಿ ನೋಡ್ರಿ. ಬೆರಳು ಮಾಡಿ ತೋರಿಸಿದ್ರ ಆಕಿ ಉಳೀತಾಳ. ಆದ್ರ ಕಳ್ಳಿ ಮಾತು ಯಾರು ನಂಬ್ತಾರ? ನಂಬಿದ್ರೂ ಮುದುಕಿ ಗತಿ ಏನು? ಗಂಡ ಸತ್ತ ವರ್ಷದಾಗ ಗಂಡಸತ್ತಾಕಿಗೆ ಕುಂಕುಮದ ಉಡಿ ಕಟ್ಟಿದ್ಲು ಅಂತ ಬೀಗರೆಲ್ಲಾ ಬಾಯಿಗೆ ಹಾಕ್ಕೊಂಡು ಅಗೀತಾರ. ತೋರಿಸದಿದ್ರ? ಇಲ್ಲಿ ಕುಂತ ಹೆಣ್ಣಮಕ್ಕಳಾಗ ಒಬ್ಬಾಕಿ ರಾಣೆಬೆನ್ನೂರ ಬೀಗರ ಸಂಬಂಧಿ. ಸಂಜಿ ಆಗೂದ್ರಾಗ ಫೋನ್ ಹೋಗತೈತಿ. ನಿಮ್ಮವ್ವ ಕಳ್ಳಿ ಅಂತ ಪ್ರಿಯಾಂಕಾ ಅತ್ತಿ ಮನ್ಯಾಗ ದಿನಾ ಕೇಳಬೇಕು. ದೇವವ್ವಗ ಆಸ್ತಿ ಅಂತ ಇದ್ದದ್ದು ಹೆಸರೊಂದ, ಅದೂ ಈಗ ಅಂಗಳದಾಗ ಬಿದ್ದಿತ್ತು.

ಆಕಿಗೆ ಸಿಟ್ಟು ಬಂತು. ಸಾವ್ಕಾರನ ಮ್ಯಾಲಲ್ಲ, ಆ ಮುದುಕಿ ಮ್ಯಾಲೆ. ಕೊಡೂಮುಂದ ಕೇಳಲಿಲ್ಲ, ಈಗ ಬಾಯಿ ಬಿಡವಲ್ದು. ಇವರ ಪುಣ್ಯಾನೂ ಕತ್ತಲದಾಗ, ಅದರ ಪಾಪ ಮಾತ್ರ ಬೆಳಕಿನ್ಯಾಗ ನನ್ನ ತಲಿ ಮ್ಯಾಲೆ.

ದೇವವ್ವ ಖಾಲಿ ಚೀಲ ಎತ್ತಿಕೊಂಡ್ಲು. ಹೋಗ್ತಾಳ ಅಂತ ಎಲ್ಲಾರೂ ದಾರಿ ಬಿಟ್ರು. ಆಕಿ ಅದನ್ನ ಅಂಗಳದ ನಟ್ಟನಡುವ ಹಾಸಿದ್ಲು, ಅದರ ಮ್ಯಾಲೆ ಕುಂತ್ಲು.

"ನಾ ಕದ್ದಿಲ್ರಿ ಸಾವ್ಕಾರ್ರ. ಯಾರು ಇಟ್ಟಾರ ಅವರ ಬಾಯಿಲೇನ ಬರಲಿ. ಬರೂತನ ನಾ ಏಳಂಗಿಲ್ಲ. ಪೊಲೀಸ್ರನ್ನ ಕರೀರಿ, ಊರನ್ನ ಕರೀರಿ."

"ಏಳ್ತೀಯೋ ಇಲ್ಲೋ?"

"ಏಳಂಗಿಲ್ರಿ."

ಶಂಭುಲಿಂಗ ಎಬ್ಬಸು ಅಂತ ಹನೀಫನ ಕಡೆ ಕೈ ಮಾಡಿದ. ಹನೀಫ್ ಕೈ ಹಿಂದ ಕಟ್ಟಿಕೊಂಡ. "ನನ್ನ ಕಡಿಂದ ಆಗಂಗಿಲ್ರಿ," ಅಂದ. "ಚೀಲದಾಗ ಸಿಕ್ಕದ್ದೆಲ್ಲಾ ಕದ್ದದ್ದ ಇರಬೇಕಂತಿಲ್ಲ." ನಾಳೆ ಕೆಲಸ ಇರತೈತೋ ಇಲ್ಲೋ ಅವಗೂ ಗೊತ್ತಿರಲಿಲ್ಲ. ಹೊರಗ ಲಾರಿ ಡ್ರೈವರ್ ಹಾರ್ನ್ ಹೊಡದ. ಯಾರೂ ಅತ್ತಾಗ ನೋಡಲಿಲ್ಲ. ಶಂಭುಲಿಂಗ ಕಿಸೆಯಿಂದ ಮೊಬೈಲ್ ತಗದ, ಸ್ಟೇಶನ್ನಿನ ನಂಬರ್ ಹುಡಕಾಕ ಹತ್ತಿದ. ದೇವವ್ವ ಬಾಗಲದ ಕಡೆ ಒಮ್ಮೆನೂ ತಿರಗಿ ನೋಡಲಿಲ್ಲ. ನೋಡಿದ್ರ ಬೆರಳು ಮಾಡಿದಂಗನ ಆಗತೈತಿ ಅಂತ ಆಕಿಗೆ ಗೊತ್ತಿತ್ತು. ಹಾಸಿದ ಚೀಲದ ಅಂಚು ಒತ್ತಿ ಹಿಡದು ಕುಂತಿದ್ಲು.

ಫೋನ್ ಅವನ ಕಿವಿಗೆ ಹೋತು.

"ನಾನ ಇಟ್ಟೇನಿ," ಅಂತ ಬಾಗಲದಿಂದ ದನಿ ಬಂತು.

ಶಂಭುಲಿಂಗ ಫೋನ್ ಇಳಿಸಿದ. ನೀಲಗಂಗವ್ವ ಗ್ವಾಡಿ ಹಿಡಕೊಂಡು ಅಂಗಳಕ್ಕ ಇಳದು ಬಂದ್ಲು. "ಭರಣಿ ನನ್ನದು, ಖಣ ನನ್ನದು. ದೇವವ್ವಗ ಉಡಿ ತುಂಬಬೇಕು ಅನಿಸ್ತು. ಮಂದಿ ಮುಂದ ತುಂಬೋ ಧೈರ್ಯ ಆಗಲಿಲ್ಲ. ಆಕಿ ಚಾ ಕುಡ್ಯಾಕ ಹೋದಾಗ ಟ್ರಂಕಿನ ಖಣ, ತಾಟಿನ ಭರಣಿ ತಂದು ಚೀಲದಾಗ ಇಟ್ಟೆ. ಮನಿಗೆ ಹೋಗಿ ನೋಡಿಕೋತಾಳ ಅಂತ ತಿಳಕೊಂಡಿದ್ದೆ."

ಶಂಭುಲಿಂಗ ಗಾಳಿ ಹೋದ ಟೈರಿನಂಗಾದ. ಮಂದಿ ಕಡೆ ನೋಡಿ, "ಆತು ಬಿಡ್ರಿ. ಅಪ್ಪ ಹೋದ ಮ್ಯಾಲೆ ಅವ್ವಗ ಅರವು ಮರವು. ದೇವವ್ವಾ, ತಪ್ಪು ತಿಳೀಬ್ಯಾಡ. ಆ ಗಂಟು ತಗೊಂಡು ಮನಿಗೆ ನಡಿ, ನಾಳೆ ಬಾ. ಯವ್ವಾ, ನೀ ಒಳಗ ನಡಿ," ಅಂದ.

ದೇವವ್ವ ಎದ್ದು ನಿಂತ್ಲು. ಚೆಲ್ಲಿದ ಅಕ್ಕಿ ಬಳದು ಭರಣಿ ಸಮೇತ ಖಣದಾಗ ಹಾಕಿದ್ಲು, ಗಂಟು ಎತ್ತಿದ್ಲು, ಚೀಲಕ್ಕ ಹಾಕಲಿಲ್ಲ. ನೀಲಗಂಗವ್ವನ ಕೈಯಾಗ ತಿರಗಿ ಇಟ್ಲು.

"ಅವ್ವಾರಿಗೆ ಮರವಿಲ್ರಿ ಸಾವ್ಕಾರ್ರ. ಬೇಕಂತನ ಇಟ್ಟಾರ. ಆದ್ರ ಕದ್ದು ಇಟ್ಟಾರ," ಅಂದ್ಲು. ಆಮ್ಯಾಲೆ ಮುದುಕಿ ಕಣ್ಣಾಗ ಕಣ್ಣಿಟ್ಟು, "ಕದ್ದು ತುಂಬಿದ್ದು ಉಡಿ ಅಲ್ರಿ ಅವ್ವಾರ. ಎ‌ಲ್ಲಾರ ಮುಂದ ನಾ ಕಳ್ಳಿ ಅನಿಸಿಕೊಂಡೇನಿ. ತುಂಬೋ ಮನಸ್ಸು ಖರೇ ಇದ್ರ ಎಲ್ಲಾರ ಮುಂದ ತುಂಬ್ರಿ. ಇಲ್ಲಂದ್ರ ನನಗ ಬ್ಯಾಡ, ನಿಮ್ಮ ಕೆಲಸಾನೂ ಬ್ಯಾಡ."

ಅಂದಾಕಿ ಸೆರಗು ಬಿಚ್ಚಿ ಎರಡೂ ಕೈಲೆ ಒಡ್ಡಿದ್ಲು.

"ಯವ್ವಾ, ಒಳಗ ನಡಿ ಅಂದೆ," ಅಂದ ಶಂಭುಲಿಂಗ. ಅವನ ದನ್ಯಾಗ ಈಗ ಸಿಟ್ಟಿಗಿಂತ ಅಂಜಿಕಿ ಹೆಚ್ಚಿತ್ತು.

ನೀಲಗಂಗವ್ವ ಮಗನ ಕಡೆ ನೋಡಿದ್ಲು, ಹಣಿ ತುಂಬ ಕುಂಕುಮ ಹಚ್ಚಿಕೊಂಡು ಉಡಿ ಹಿಡದು ನಿಂತ ಹೆಣ್ಣಮಕ್ಕಳ ಕಡೆ ನೋಡಿದ್ಲು. ಒಂದು ಹೆಜ್ಜಿ ಹಿಂದ ಸರದ್ಲು. ಆಕಿ ಒಳಗ ಹೋಗಿಬಿಡ್ತಾಳ ಅಂತ ದೇವವ್ವಗ ಅನಿಸಿತು. ಅಷ್ಟ್ರಾಗ ಶ್ರೀದೇವಿ ಅಕ್ಕಿ ಮೊರ ಎತ್ತಿಕೊಂಡು ಬಂದು ಅತ್ತಿ ಪಕ್ಕದಾಗ ನಿಂತ್ಲು. ಗಂಡನ ಕಡೆ ನೋಡಲೇ ಇಲ್ಲ. "ತಗೋರಿ ಅತ್ತಿ," ಅಂದ್ಲು.

ಮುದುಕಿ ಒಂದು ಬೊಗಸಿ ತಗೊಂಡ್ಲು. ಅರ್ಧ ನೆಲಕ್ಕ ಬಿತ್ತು, ಅರ್ಧ ಸೆರಗಿಗೆ ಬಿತ್ತು. ಎರಡನೇದ್ದು ಪೂರಾ ಸೆರಗಿನ್ಯಾಗ ಬಿತ್ತು. ಐದೂ ಬೊಗಸಿ ಆದ ಮ್ಯಾಲೆ ಕೊಬ್ಬರಿ ಇಟ್ಲು, ಅರಿಷಿಣ ಇಟ್ಲು, ಹಸಿರು ಖಣ ಇಟ್ಲು. ಭರಣಿ ಎತ್ತಿದಾಗ ದೇವವ್ವ ತಲಿ ಅಲ್ಲಾಡಿಸಿದ್ಲು.

"ಅದು ನಿಮ್ಮ ತವರಿನದು, ನಿಮ್ಮ ಹತ್ರನ ಇರಲಿ. ನನಗ ಇಷ್ಟೇ ಬೇಕಾಗಿತ್ತು," ಅಂದ್ಲು. ಬಗ್ಗಿ ಮುದುಕಿ ಕಾಲು ಮುಟ್ಟಿದ್ಲು. ಮುದುಕಿ ಅಳಾಕ ಹತ್ತಿತು, ದೇವವ್ವ ಸಮಾಧಾನ ಮಾಡಲಿಲ್ಲ.

ಹಿತ್ತಲ ಬಾಗಲಾ ಬಿಟ್ಟು ಆಕಿ ಅಂಗಡಿ ಮುಂದಿನ ಬಾಗಲದಿಂದ ಹೊರಗ ಬಿದ್ಲು. ಪ್ಯಾಟಿ ರಸ್ತೇದಾಗ ಬಿಸಲು ಚುರುಚುರು ಅಂತಿತ್ತು. ತುಂಬಿದ ಉಡಿ ಹಿಡಕೊಂಡು ನಡುರಸ್ತೇಲೇ ಹೊಂಟ ದೇವವ್ವನ ನೋಡಿ ಅಂಗಡಿ ಕಟ್ಟಿ ಮ್ಯಾಲಿನ ಮಂದಿ ಮಾತು ನಿಲ್ಲಿಸಿದ್ರು. ಚಾದ ಅಂಗಡಿಯಾಕಿ ತಡೀಲಾರದ ಕೇಳೇಬಿಟ್ಲು, "ಯಾರವಾ ದೇವವ್ವ, ನಿನಗ ಉಡಿ ತುಂಬಿದವರು?"

"ನೀಲಗಂಗವ್ವಾರು," ಅಂದ್ಲು ದೇವವ್ವ, ಇಡೀ ರಸ್ತೆಗೆ ಕೇಳೋಹಂಗ. "ಎಲ್ಲಾರ ಮುಂದ ತುಂಬಿದ್ರು." ಹೇಳಿ ಮುಗಿಸೂದ್ರಾಗ ಆಕಿ ದನಿ ಒಡೀತು. ಕಣ್ಣೀರು ಒರಸಿಕೋಬೇಕಂದ್ರ ಕೈ ಖಾಲಿ ಇರಲಿಲ್ಲ, ಹಂಗ ಅಳಕೋತ ಮನಿಗೆ ಹೋದ್ಲು.